ನಲವತ್ತೊಂದು ಮುಡುಪಿನ ನಡಿಗೆ

ನಮ್ಮ ಶಿಡ್ಲಘಟ್ಟದಲ್ಲಿ ಐವತ್ತು ದಾಟಿದ ಗಂಡಸು ಕೈಯಲ್ಲಿ ಚೀಲವಿಲ್ಲದೆ, ಕಂಕುಳಲ್ಲಿ ಫೈಲಿಲ್ಲದೆ, ಸುಮ್ಮನೆ ರಸ್ತೆಯಲ್ಲಿ ನಡೆದುಹೋಗುವುದು ಕಾನೂನಿಗೆ ವಿರುದ್ಧವಲ್ಲ. ಆದರೆ ಕಾರಣ ಹೇಳಬೇಕಾಗುತ್ತದೆ. ನನ್ನ ತಮ್ಮ ವೇಣುಗೋಪಾಲನಿಗೆ ಐವತ್ತೆಂಟು ವರ್ಷ ಇದೇ ಊರಿನಲ್ಲಿದ್ದೂ ಈ ವಿಷಯ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಅವನು ನಡೆದದ್ದೇ ಕಡಿಮೆ. ಅವನು ಗುಮಾಸ್ತನಾಗಿರುವ ಹೈಸ್ಕೂಲು ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಅಲ್ಲಿಗೂ ಅವನು ಸ್ಕೂಟರಿನಲ್ಲೇ ಹೋಗುತ್ತಿದ್ದ. ಆ ಸ್ಕೂಟರು ಸ್ಟಾರ್ಟ್ ಆಗುವಷ್ಟರಲ್ಲಿ ಬೇರೆಯವರು ಶಾಲೆ ತಲುಪಿ ಹಾಜರಿ ಹಾಕಿರುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅವನಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಹಿಂದಿನ ಬೀದಿಯ ನೂರುಲ್ಲಾ ಸಾಹೇಬರ ಮಗಳು ಮಿಸ್ಬಾ ಡಾಕ್ಟರಾಗಿ ಬಂದು ನಮ್ಮ ರಸ್ತೆಯಲ್ಲೇ ಕ್ಲಿನಿಕ್ ತೆರೆದು ಒಂದು ವರ್ಷವಾಗಿತ್ತು. ನೂರುಲ್ಲಾ ಅವರದು ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಆ ಬಿಸಿನೀರಿನ ಹಬೆಯ ನಡುವೆಯೇ ಕೂತು ಓದಿದ ಹುಡುಗಿ ಅವಳು. ರಕ್ತ ನೋಡಿ, ಖಾಲಿ ಹೊಟ್ಟೆಯಲ್ಲಿ ಇನ್ನೂರ ಹನ್ನೆರಡು ಎಂದಳು. ಮಾತ್ರೆ ಬರೆದುಕೊಟ್ಟಳು. ದಿನಾ ಮುಕ್ಕಾಲು ಗಂಟೆ ನಡೆಯಬೇಕು, ಮೂರು ತಿಂಗಳು ನೋಡುತ್ತೇನೆ, ಇಳಿಯದಿದ್ದರೆ ಇನ್ಸುಲಿನ್ ಸೂಜಿ, ದಿನಾ, ಹೊಟ್ಟೆಗೆ ಎಂದಳು.

ಸೂಜಿ ಎಂಬ ಮಾತಿಗೇ ಅವನು ಕುರ್ಚಿಯ ಕೈ ಹಿಡಿದುಕೊಂಡನಂತೆ. ಅದು ನನಗೆ ಆಶ್ಚರ್ಯವಲ್ಲ. ಒಮ್ಮೆ ಶಾಲೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವಾಗ ಹೆಸರು ಬರೆದುಕೊಳ್ಳಲು ಇವನನ್ನು ಕೂರಿಸಿದ್ದರು. ಮೊದಲನೆಯ ಹುಡುಗಿಯ ತೋಳಿಗೆ ಸೂಜಿ ಹೋದಾಗ ಇವನು ಮೇಜಿನ ಕೆಳಗೆ ಹೋದ. ಆ ಮಗು ತನಗೆ ಕೊಟ್ಟಿದ್ದ ಬಿಸ್ಕತ್ತನ್ನು ಇವನಿಗೆ ತಿನ್ನಿಸಿ, ಏನೂ ಆಗಲ್ಲ ಸಾರ್ ಎಂದು ಸಮಾಧಾನ ಹೇಳಿ ಕ್ಲಾಸಿಗೆ ಹೋಯಿತು.

ಹೀಗಾಗಿ ನಡೆಯುವುದು ಖಾಯಂ ಆಯಿತು. ಆದರೆ ಯಾಕೆ ನಡೆಯುತ್ತಿದ್ದೇನೆ ಎಂಬುದು ಯಾರಿಗೂ ತಿಳಿಯಬಾರದು ಎಂದು ಅವನು ತೀರ್ಮಾನಿಸಿದ. ಅದಕ್ಕೂ ಕಾರಣವಿತ್ತು. ಮೇಲೂರಿನಲ್ಲಿ ಮುದ್ದಪ್ಪ ಎಂದು ನಮ್ಮ ದೂರದ ಸಂಬಂಧಿಕರು. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಸುತ್ತಮುತ್ತಲ ಮೂರು ದೇವಸ್ಥಾನಗಳ ಗೋಡೆಯ ಮೇಲೆ ದಶಾವತಾರ ಬರೆದವರು. ಆರು ವರ್ಷದ ಹಿಂದೆ ಅವರಿಗೆ ಷುಗರ್ ಬಂತು. ಅಂದಿನಿಂದ ಅವರು ಷುಗರ್ ಮುದ್ದಪ್ಪ. ಡ್ರಾಯಿಂಗ್ ಮೇಷ್ಟ್ರು ಎಂದರೆ ಈಗ ಯಾವ ಮುದ್ದಪ್ಪ ಎಂದು ಕೇಳುತ್ತಾರೆ.

ಆದ್ದರಿಂದ ವಿಷಯ ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಮಿಸ್ಬಾಗೆ, ನನಗೆ. ಅವನ ಹೆಂಡತಿ ಮಂಗಮ್ಮನಿಗೂ ಹೇಳಲಿಲ್ಲ. ಮಂಗಮ್ಮ ಬಹಳ ಒಳ್ಳೆಯ ಹೆಂಗಸು. ಬೆಳಗ್ಗೆ ಅವಳಿಗೆ ತಿಳಿದದ್ದು ಮಧ್ಯಾಹ್ನದೊಳಗೆ ಗೌರಿಬಿದನೂರಿನ ಅವಳ ತವರಿಗೂ ಚಿಂತಾಮಣಿಯ ನಮ್ಮ ಸೋದರಮಾವನ ಮನೆಗೂ ತಿಳಿದಿರುತ್ತದೆ, ಅಷ್ಟೆ. ಚಾಡಿಯಲ್ಲ ಅದು, ಆತಂಕವನ್ನು ಒಬ್ಬಳೇ ಇಟ್ಟುಕೊಳ್ಳಲಾರದ ಸ್ವಭಾವ. ಒಂದೇ ಮನೆಯ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ನಾನು. ಮಾತ್ರೆಗಳು ನನ್ನ ಮೆಂತ್ಯದ ಡಬ್ಬಿಯಲ್ಲಿದ್ದವು. ಅಕ್ಕನ ಕೈಯ ಕಾಫಿ ಎಂಬ ನೆಪದಲ್ಲಿ ಅವನು ದಿನಾ ಬಂದು ಒಂದನ್ನು ನುಂಗಿ ಹೋಗುತ್ತಿದ್ದ.

ಬೂಟನ್ನು ಚಿಕ್ಕಬಳ್ಳಾಪುರಕ್ಕೆ ಹೋಗಿ ತಂದ. ಶಿಡ್ಲಘಟ್ಟದಲ್ಲಿ ಕೊಂಡರೆ ಅಂಗಡಿಯವರು ಕೇಳುತ್ತಾರಲ್ಲ. ಮರುದಿನ ಬೆಳಗ್ಗೆ ಆರು ಗಂಟೆಗೆ, ಬಿಳಿ ಬೂಟು, ಪಂಚೆ, ಮಂಕಿಕ್ಯಾಪು ಹಾಕಿಕೊಂಡು ಮೇಲೂರು ರಸ್ತೆ ಹಿಡಿದ.

ಊರ ಅಂಚಿನಲ್ಲಿ ಚೆನ್ನರಾಯಪ್ಪನ ಹೋಟೆಲಿದೆ. ಚೆನ್ನರಾಯಪ್ಪ ಯಾರನ್ನೂ ಕಾರಣ ಕೇಳದೆ ಬಿಡುವವನಲ್ಲ. ಯಾಕೆ ನಡೀತಿದ್ದೀಯ ಎಂದ. ಇವನು ಸ್ಕೂಟರು ಕೆಟ್ಟಿದೆ ಎಂದ. ಹಿಂದಿರುಗಿ ಬರುವಷ್ಟರಲ್ಲಿ ಮೆಕ್ಯಾನಿಕ್ ನಮ್ಮ ಅಂಗಳದಲ್ಲಿ ಸ್ಕೂಟರು ಬಿಚ್ಚಿ ಹರಡಿಕೊಂಡು ಕೂತಿದ್ದ. ಚೆನ್ನರಾಯಪ್ಪ ಕಳಿಸಿದ್ದ. ಎರಡನೆಯ ದಿನ ಇವನು, ಹೀಗೇ ಒಂದು ಜಾಗ ನೋಡೋಣ ಅಂತ ಎಂದ. ಸಂಜೆಗೆ ಮೂವರು ಸೈಟು ದಲ್ಲಾಳಿಗಳು ಮನೆಗೆ ಬಂದರು. ಅವರಲ್ಲೊಬ್ಬ ನಕ್ಷೆಯನ್ನೂ ತಂದಿದ್ದ. ಮಂಗಮ್ಮ ಮೂವರಿಗೂ ಕಾಫಿ ಕೊಟ್ಟು, ನಮಗೆ ಗೊತ್ತಿಲ್ಲದ ಹಾಗೆ ಯಾರಿಗೆ ಸೈಟು ಎಂದು ಎರಡು ದಿನ ಮಾತು ಬಿಟ್ಟಳು.

ಮೂರನೆಯ ದಿನ ಚೆನ್ನರಾಯಪ್ಪ ಮತ್ತೆ ಕೇಳಿದಾಗ ಹೋಟೆಲಿನ ಮುಂದೆ ಎಂಟು ಜನ ಚಳಿ ಕಾಯಿಸುತ್ತಾ ನಿಂತಿದ್ದರು. ನನ್ನ ತಮ್ಮನಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ಅಭ್ಯಾಸವಿಲ್ಲದವರು ಹೇಳಿದರೆ ಅದಕ್ಕೆ ಅಳತೆ ಇರುವುದಿಲ್ಲ.

"ತಿರುಪತಿಗೆ ನಡ್ಕಂಡು ಹೋಗೋ ಹರಕೆ ಇದೆ" ಎಂದ. "ಪ್ರಾಕ್ಟೀಸು."

ಚೆನ್ನರಾಯಪ್ಪ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಕೆನೆಹಾಲು ತಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನಡೆಯುವವರಿಗೆ ಕೊಟ್ಟರೆ ಅರ್ಧ ಯಾತ್ರೆ ಮಾಡಿದ ಹಾಗೆ ಎಂದ. ಸಕ್ಕರೆ ಮೂರು ಚಮಚ ಹಾಕಿದ್ದ.

ಇವನು ಬೇಡವೆನ್ನಬಹುದಿತ್ತು. ಆದರೆ ದೇವರ ಹೆಸರಿನಲ್ಲಿ ಕೊಟ್ಟದ್ದನ್ನು ಯಾವ ಕಾರಣ ಹೇಳಿ ಬೇಡವೆನ್ನುವುದು? ಇದ್ದ ಕಾರಣ ಒಂದೇ, ಅದನ್ನು ಹೇಳುವಂತಿರಲಿಲ್ಲ. ಕುಡಿದ.

ಅಲ್ಲಿಂದ ಮುಂದಕ್ಕೆ ಅರಳೀಕಟ್ಟೆ. ಅಲ್ಲಿ ಕನಕಾಂಬರ ಕಟ್ಟಿ ಮಾರುವ ಆಂಜಿನಮ್ಮನಿಗೆ ಸುದ್ದಿ ಇವನಿಗಿಂತ ಮೊದಲೇ ತಲುಪಿತ್ತು. ಮರುದಿನ ಅವಳು ಚೊಂಬಿನಲ್ಲಿ ಬೆಲ್ಲದ ಹಾಲು ಕಾಯಿಸಿ ಇಟ್ಟುಕೊಂಡು ಕಾದಿದ್ದಳು. ಇವನು ಕುಡಿದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಹಳದಿ ಬಟ್ಟೆಯ ಗಂಟನ್ನು ಅವನ ಅಂಗೈಯಲ್ಲಿಟ್ಟಳು. ಮುಡುಪು. ಬಣ್ಣ ಮಾಸಿ ಹೋಗಿತ್ತು.

ಒಂಬತ್ತು ವರ್ಷದ ಹಿಂದೆ ಅವಳ ಮಗಳಿಗೆ ಹೆರಿಗೆ ಕಷ್ಟವಾಗಿ, ತಾಯಿಯೋ ಮಗುವೋ ಎಂದು ಡಾಕ್ಟರು ಕೇಳುವ ಹಂತಕ್ಕೆ ಹೋಗಿತ್ತಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆಂಜಿನಮ್ಮ, ಇಬ್ಬರನ್ನೂ ಉಳಿಸು, ನಡೆದು ಬಂದು ಒಪ್ಪಿಸುತ್ತೇನೆ ಎಂದು ಕಟ್ಟಿಕೊಂಡ ಗಂಟು ಅದು. ಇಬ್ಬರೂ ಉಳಿದರು. ಮೊಮ್ಮಗಳು ಈಗ ಮೂರನೆಯ ಕ್ಲಾಸು. ಅಷ್ಟರಲ್ಲಿ ಆಂಜಿನಮ್ಮನ ಮಂಡಿ ಹೋಯಿತು. ಬಸ್ಸಿನಲ್ಲಿ ಬರುತ್ತೇನೆಂದು ಹೊತ್ತ ಹರಕೆ ಬಸ್ಸಿನಲ್ಲಿ ತೀರುತ್ತದೆ, ನಡೆದು ಬರುತ್ತೇನೆಂದದ್ದು ನಡೆದೇ ತೀರಬೇಕು. ತನ್ನ ಕೈಲಾಗದಿದ್ದರೆ ನಡೆಯುವವರ ಕೈಯಲ್ಲಿ ಕಳಿಸಬಹುದು. ನಡೆಯುವವರು ಸಿಗಬೇಕಷ್ಟೆ.

"ಅವನ ಕೆಲಸ ಅವನು ಮಾಡ್ದ, ನಾನು ಮಾಡ್ಲಿಲ್ಲ" ಎಂದಳು. "ಒಂಬತ್ತು ವರ್ಷದಿಂದ ಪಟದ ಮುಂದೆ ದೀಪ ಹಚ್ಚೋಕೇ ನಾಚಿಕೆ ಕಣಪ್ಪ."

ವೇಣುಗೋಪಾಲ ಆ ಗಂಟನ್ನು ತಂದು ನನ್ನ ಮುಂದಿಟ್ಟು, ಅಕ್ಕಾ ಈಗೇನು ಮಾಡಲಿ ಎಂದ. ನಾಳೆಯೇ ಹೋಗಿ ನಿಜ ಹೇಳು ಎಂದೆ. ಹೂಂ ಎಂದ. ಮರುದಿನ ಇನ್ನೂ ನಾಲ್ಕು ಗಂಟು ತಂದ.

ನಮ್ಮ ಊರಿನಲ್ಲಿ ಇಷ್ಟು ನಡಿಗೆಯ ಹರಕೆಗಳು ನಿಂತುಹೋಗಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕಿ ಡಬ್ಬಿಗಳಿಂದ, ತೊಲೆಯ ಸಂದಿಗಳಿಂದ, ದೇವರ ಪಟದ ಹಿಂದಿನಿಂದ ಹಳದಿ ಗಂಟುಗಳು ಹೊರಬಂದವು. ಹಿಪ್ಪುನೇರಳೆ ತೋಟದವರು ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವಾಗ ಹೊತ್ತದ್ದು, ಹುಡುಗಿ ಪಿಯುಸಿ ಪಾಸಾಗಲೆಂದು ಹೊತ್ತು ಈಗ ಆ ಹುಡುಗಿಗೇ ಪಿಯುಸಿ ಓದುವ ಮಗಳಿರುವುದು, ಗಂಡ ಸಾರಾಯಿ ಬಿಡಲೆಂದು ಹೊತ್ತು ಅವನು ಬಿಟ್ಟ ಮೇಲೆ ಮರೆತದ್ದು, ಎಲ್ಲ ಬಂತು. ಡಿಸೆಂಬರ್ ಹೊತ್ತಿಗೆ ಮೂವತ್ತಾರು. ಮಂಗಮ್ಮ ದೇವರ ಮನೆಯಲ್ಲಿ ಒಂದು ಬಿದಿರಿನ ಬುಟ್ಟಿ ಇಟ್ಟಳು. ಗಂಡನ ಬಗ್ಗೆ ಅವಳಿಗೆ ಮದುವೆಯಾದ ಮೂವತ್ತು ವರ್ಷಗಳಲ್ಲಿ ಇಲ್ಲದ ಗೌರವ ಬಂದಿತ್ತು. ಅವನ ಪಂಚೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಯುತ್ತಿದ್ದಳು.

ಶಾಲೆಯ ಹೆಡ್‌ಮಾಸ್ಟರು ಇವನು ಕೇಳದೆಯೇ ಹದಿನೈದು ದಿನದ ರಜೆ ಮಂಜೂರು ಮಾಡಿ, ಅರ್ಜಿ ಆಮೇಲೆ ಕೊಡಿ ಎಂದರು. ತಮ್ಮ ಮುಡುಪನ್ನು ಕವರಿನಲ್ಲಿಟ್ಟು, ಇದು ಆಫೀಸಿಗೆ ಸಂಬಂಧಿಸಿದ್ದಲ್ಲ ಎಂದು ಮೇಲೆ ಬರೆದಿದ್ದರು.

ಮಂಗಮ್ಮ ಫೋನು ಮಾಡಿದ್ದರಿಂದ ಚಿಂತಾಮಣಿಯಿಂದ ನಮ್ಮ ಸೋದರಮಾವ ವೆಂಕಟರವಣಪ್ಪ ಬಂದಿಳಿದರು. ವಯಸ್ಸು ಎಂಬತ್ತು. ತಿರುಪತಿಗೆ ಏಳು ಸಲ ನಡೆದವರು. ಆ ಏಳರ ಬಗ್ಗೆ ನಾವು ಎಪ್ಪತ್ತು ಸಲ ಕೇಳಿದ್ದೇವೆ. ಬಂದವರೇ ವೇಣುವನ್ನು ಕುರ್ಚಿಯ ಮೇಲೆ ಕೂರಿಸಿ ಪಾದ ಎತ್ತಿ ನೋಡಿದರು. ಹಸುವಿನ ಹಲ್ಲು ನೋಡಿದ ಹಾಗೆ ಬೆರಳು ಒಂದೊಂದನ್ನೂ ಅಗಲಿಸಿ ನೋಡಿದರು. ಪಾದ ಪರವಾಗಿಲ್ಲ, ಬೂಟು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟರು. ಮಾಘಮಾಸದ ಒಂದು ಗುರುವಾರ ಹೊರಡುವ ಮುಹೂರ್ತವನ್ನೂ ಅವರೇ ಇಟ್ಟರು. ಯಾತ್ರೆ ಮಾಡುವವನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಇದರ ಮಧ್ಯೆ ಒಂದು ತಿಂಗಳಾಯಿತೆಂದು ಮಿಸ್ಬಾ ರಕ್ತ ನೋಡಿದಳು. ಇನ್ನೂರ ನಲವತ್ತೆಂಟು. ನಡೆಯುತ್ತಿದ್ದೀರಾ ಎಂದು ಕೇಳಿದಳು. ಒಂದು ದಿನವೂ ತಪ್ಪಿಸಿಲ್ಲ ಎಂದ, ಅದು ನಿಜ. ಹಾಗಾದರೆ ಸಾಲುತ್ತಿಲ್ಲ, ಸಂಜೆಯೂ ನಡೆಯಿರಿ ಎಂದು ಮಾತ್ರೆಯನ್ನೂ ಹೆಚ್ಚಿಸಿದಳು. ಸಂಜೆಯೂ ನಡೆದ. ಬೆಳಗ್ಗೆ ಕೊಡಲು ಆಗದವರಿಗೆ ಅನುಕೂಲವಾಯಿತು.

ಅಷ್ಟರಲ್ಲಿ ಧನುರ್ಮಾಸ ಬಂತು. ಬೆಳಗಿನ ಪೂಜೆಗೆ ಪ್ರತಿ ದೇವಸ್ಥಾನದಲ್ಲೂ ಸಿಹಿ ಪೊಂಗಲು. ನಡೆಯುವ ಸ್ವಾಮಿಗೆ ಮೊದಲ ದೊನ್ನೆ ಎಂದು ಅರ್ಚಕರು ರಸ್ತೆಗೇ ಬಂದು ಕೊಡುತ್ತಿದ್ದರು. ಇವನು ಒಂದೆರಡು ಸಲ ಹೊಟ್ಟೆ ಸರಿಯಿಲ್ಲ ಎಂದು ನೋಡಿದ. ಹೊಟ್ಟೆಗೆ ಒಳ್ಳೆಯದೆಂದು ಚೆನ್ನರಾಯಪ್ಪ ಬಾಳೆಹಣ್ಣಿನ ರಸಾಯನ ಮಾಡಿಸಿದ.

ಎರಡನೆಯ ತಿಂಗಳು ಇನ್ನೂರ ತೊಂಬತ್ತೊಂದು. ಮಿಸ್ಬಾ ಯಂತ್ರ ಕೆಟ್ಟಿರಬೇಕೆಂದು ತನ್ನ ಬೆರಳನ್ನೇ ಚುಚ್ಚಿಕೊಂಡು ನೋಡಿದಳು. ತೊಂಬತ್ತು ತೋರಿಸಿತು. ಚಿಕ್ಕಬಳ್ಳಾಪುರದ ಲ್ಯಾಬಿಗೆ ಕಳಿಸಿದಳು. ಅಲ್ಲಿಯೂ ಅದೇ. ಆ ಸಂಜೆ ನನ್ನ ಹತ್ತಿರ ಬಂದು ಮಣೆಯ ಮೇಲೆ ಕೂತಳು. ಕ್ಲಿನಿಕ್ ತೆರೆದ ಹೊಸದರಲ್ಲೇ ಹೀಗೆ ಒಬ್ಬರಿಗೆ ನಡೆದಷ್ಟೂ ಷುಗರ್ ಏರುತ್ತಿದೆ, ಪುಸ್ತಕದಲ್ಲೆಲ್ಲೂ ಇಲ್ಲ ಎಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಪಾಪ, ಅವಳು ನಿದ್ದೆಗೆಟ್ಟಿದ್ದಳು. ನಾನು ಕಾರಣ ಹೇಳದೆ, ನಾಳೆ ಬೆಳಗ್ಗೆ ನಿನ್ನ ಸ್ಕೂಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋಗು ಎಂದೆ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಸ್ಕೂಟಿ ಹತ್ತಿದೆ. ಮಂಜು ಕವಿದಿತ್ತು. ಮಿಸ್ಬಾ ತನ್ನ ಸ್ವೆಟರನ್ನು ನನಗೆ ಹಾಕಿ, ತಾನು ಬಿಳಿಕೋಟಿನಲ್ಲೇ ನಡುಗುತ್ತಾ ಗಾಡಿ ಬಿಟ್ಟಳು. ವೇಣುಗೋಪಾಲನಿಂದ ಐವತ್ತು ಹೆಜ್ಜೆ ಹಿಂದೆ, ಸದ್ದಿಲ್ಲದೆ.

ಮೊದಲ ನಿಲ್ದಾಣ ನಮ್ಮ ಹಿಂದಿನ ಬೀದಿಯ ತಿರುವಿನಲ್ಲೇ ಬಂತು. ಹಸಿರು ಗೇಟಿನ ಮುಂದೆ, ಶಾಲು ಹೊದ್ದ ಒಬ್ಬ ಹೆಂಗಸು ಬಿಸಿ ಬಟ್ಟಲು ಹಿಡಿದು ನಿಂತಿದ್ದರು. ಖೀರು. ವೇಣುಗೋಪಾಲ ನಿಂತು, ಕುಡಿದು, ಕೈಮುಗಿದು ಮುಂದೆ ಹೋದ. ಮಿಸ್ಬಾ ಗಾಡಿ ನಿಲ್ಲಿಸಿದಳು. ಆ ಹೆಂಗಸು ದಿಲ್ಷಾದ್ ಬೇಗಂ. ಮಿಸ್ಬಾಳ ತಾಯಿ.

ಅಷ್ಟು ದೂರ ನಡೆಯುವವರಿಗೆ ಕೊಟ್ಟರೆ ಸವಾಬು, ಪುಣ್ಯ ಬರುತ್ತದೆ, ನೀನು ಎದ್ದಿರುವುದಿಲ್ಲ ಆ ಹೊತ್ತಿಗೆ, ಅದಕ್ಕೇ ನಿನಗೆ ಗೊತ್ತಿಲ್ಲ ಎಂದರು ದಿಲ್ಷಾದ್. ದಿನವೂನಾ ಎಂದು ಮಗಳು ಕೇಳಿದಳು. ದಿನ ಬಿಟ್ಟು ದಿನ, ಮಧ್ಯದಲ್ಲಿ ಖರ್ಜೂರ ಎಂದರು. ಕಾಯಿಲೆಯವರ ಗುಟ್ಟು ಡಾಕ್ಟರು ಹೇಳುವಂತಿಲ್ಲ. ಮಿಸ್ಬಾ ಸುಮ್ಮನೆ ಹೆಲ್ಮೆಟಿನ ಗಾಜು ಇಳಿಸಿದಳು.

ಔಷಧಿ ಚೀಟಿಯ ಪ್ಯಾಡಿನ ಮೇಲೆ ಅವಳು ಬರೆದುಕೊಳ್ಳುತ್ತಾ ಬಂದಳು. ಕೆನೆಹಾಲು, ಬೆಲ್ಲದ ಹಾಲು, ಪೊಂಗಲು, ಮತ್ತೆ ಪೊಂಗಲು, ಬಾಳೆಹಣ್ಣು, ಸಜ್ಜಿಗೆ, ಕಜ್ಜಾಯ. ನಾಲ್ಕು ಕಿಲೋಮೀಟರಿನಲ್ಲಿ ಒಂಬತ್ತು ಕಡೆ. ಒಂಬತ್ತನೆಯ ಕಡೆ, ಯಾತ್ರೆಯವರ ಜೊತೆಗಾರರೆಂದು ನಮಗೂ ಒಂದೊಂದು ದೊನ್ನೆ ಕೊಟ್ಟರು. ತುಪ್ಪ ಚೆನ್ನಾಗಿ ಹಾಕಿದ್ದಾರೆ ಆಂಟಿ ಎಂದಳು ಮಿಸ್ಬಾ. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಮುಖ ತಿಳಿಯಾಗಿತ್ತು. ಪುಸ್ತಕ ಸರಿಯಾಗಿಯೇ ಇತ್ತು.

ಹಿಂದಿರುಗಿ ಬಂದ ವೇಣುಗೋಪಾಲನನ್ನು ಕ್ಲಿನಿಕ್ಕಿನಲ್ಲಿ ಕೂರಿಸಿ ಅವಳು ಆ ಚೀಟಿಯನ್ನು ಮುಂದಿಟ್ಟಳು.

"ನಿಮ್ಮ ಕಾಲು ಅದರ ಕೆಲಸ ಸರಿಯಾಗೇ ಮಾಡ್ತಿದೆ ಅಂಕಲ್. ಬಾಯಿ ಹಾಳು ಮಾಡ್ತಿದೆ. ಇವತ್ತು ಶನಿವಾರ. ಸೋಮವಾರದಿಂದ ಇನ್ಸುಲಿನ್. ಇಲ್ಲಾ, ಅಷ್ಟರೊಳಗೆ ಈ ಒಂಬತ್ತು ಕಡೆ ನಿಜ ಹೇಳಿ, ಇನ್ನೊಂದು ತಿಂಗಳು ಕೊಡ್ತೀನಿ."

ಒಂಬತ್ತರಲ್ಲಿ ಒಂದು ನಮ್ಮಮ್ಮ, ಅವರಿಗೂ ನೀವೇ ಹೇಳಬೇಕು ಎಂದಳು.

ಭಾನುವಾರ ಬೆಳಗ್ಗೆ ಅವನು ನನ್ನನ್ನೂ ಜೊತೆಗೆ ಕರೆದುಕೊಂಡು, ನಲವತ್ತೊಂದು ಗಂಟುಗಳ ಬುಟ್ಟಿಯನ್ನು ಎತ್ತಿಕೊಂಡು ಹೊರಟ. ಅವನ ಲೆಕ್ಕಾಚಾರ ಹೀಗಿತ್ತು: ನಿಜ ಹೇಳುವುದು, ಬೈಸಿಕೊಳ್ಳುವುದು, ಗಂಟುಗಳನ್ನು ವಾಪಸು ಕೊಡುವುದು, ಸೂಜಿಯಿಂದಲೂ ತಿರುಪತಿಯಿಂದಲೂ ಒಟ್ಟಿಗೆ ಪಾರಾಗುವುದು. ಮೊದಲು ಆಂಜಿನಮ್ಮನ ಹತ್ತಿರ ಹೋಗೋಣ, ಅವಳದೇ ಮೊದಲ ಗಂಟು ಎಂದ. ಚೆನ್ನರಾಯಪ್ಪನ ಹೋಟೆಲನ್ನು ರಸ್ತೆಯ ಆಚೆ ಬದಿಯಿಂದ ದಾಟಿದೆವು.

ಆಂಜಿನಮ್ಮ ಚೊಂಬಿನ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸುತ್ತಿದ್ದಳು. ಇವನು ಅವಳ ಹೂವಿನ ಬುಟ್ಟಿಯನ್ನು ನೋಡುತ್ತಾ ಹೇಳಿದ.

"ಆಂಜಿನಮ್ಮ, ನಾನು ಯಾವ ಹರಕೇನೂ ಹೊತ್ತಿಲ್ಲ. ನಂಗೆ ಷುಗರ್ ಬಂದಿದೆ. ಡಾಕ್ಟ್ರು ನಡಿ ಅಂದ್ರು, ಅದಕ್ಕೆ ನಡೀತಿದ್ದೆ. ತಿರುಪತಿ ಅಂದಿದ್ದು ಸುಳ್ಳು."

ಅವಳು ಬಗ್ಗಿಸುವುದನ್ನು ನಿಲ್ಲಿಸಿದಳು. ಲೋಟದಲ್ಲಿದ್ದದ್ದನ್ನು ಮತ್ತೆ ಚೊಂಬಿಗೆ ಸುರಿದು ಮುಚ್ಚಳ ಹಾಕಿದಳು.

"ಎಷ್ಟಿದೆ?"

"ಇನ್ನೂರ ತೊಂಬತ್ತೊಂದು."

"ಎರಡು ತಿಂಗಳಿಂದ ನನ್ನ ಕೈಯಾರ ಬೆಲ್ಲ ಕುಡಿಸಿದ್ದೀನಲ್ಲೋ" ಎಂದಳು. ಕಟ್ಟೆಯ ಮೇಲೆ ಕೂತುಬಿಟ್ಟಳು. "ನಮ್ಮ ಯಜಮಾನ್ರು ಇದೇ ಕಾಯಿಲೇಲಿ ಕಾಲು ಕಳ್ಕಂಡ್ರು. ನಿಂಗೆ ಬಾಯಿರ್ಲಿಲ್ವೇನೋ?"

ವೇಣುಗೋಪಾಲನಿಗೆ ಬೈಗುಳದ ಸಿದ್ಧತೆಯಿತ್ತು, ಇದರ ಸಿದ್ಧತೆ ಇರಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವರೆಗೂ ನಿಂತಿದ್ದು, ಬುಟ್ಟಿಯಿಂದ ಮಾಸಿದ ಗಂಟನ್ನು ಹುಡುಕಿ ಅವಳ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ. ಅದನ್ನು ಹಾವು ಎಂಬಂತೆ ನೋಡಿದಳು.

"ಕೊಟ್ಟಿದ್ದು ವಾಪಸ್ ತಗಂತಾರಾ ಯಾರಾದ್ರೂ?"

"ನಾನು ಹರಕೆಯೋನಲ್ಲ ಅಂದ್ನಲ್ಲಮ್ಮ."

"ಬೆಟ್ಟ ಹತ್ತಿ ಬಂದೋರನ್ನೆಲ್ಲ ಅವನು ನಿಲ್ಲಿಸ್ಕಂಡು ನೀನು ಯಾತಕ್ಕೆ ನಡೆದೆ ಅಂತ ಕೇಳ್ತಾನಾ? ನಿಂಗೆ ಷುಗರಿಗೆ ನಡೀಬೇಕು. ನನ್ನ ಗಂಟು ನಡೀಬೇಕು. ಇಬ್ಬರೂ ಜೊತೇಲಿ ಹೋಗ್ರಿ."

ನಾವು ಎರಡನೆಯ ಕಡೆಗೆ ಹೋಗುವ ಅಗತ್ಯ ಬೀಳಲಿಲ್ಲ. ಅರ್ಧ ಗಂಟೆಯಲ್ಲಿ ಆಂಜಿನಮ್ಮನ ಹೂವಿನ ಜೊತೆ ಸುದ್ದಿಯೂ ಮನೆಮನೆ ತಲುಪಿತ್ತು. ಮಧ್ಯಾಹ್ನಕ್ಕೆ ನಮ್ಮ ಅಂಗಳದಲ್ಲಿ ಸಭೆ ಸೇರಿತು. ವೆಂಕಟರವಣಪ್ಪ ಮಾವ ಕುರ್ಚಿ ಹಾಕಿಸಿಕೊಂಡು ಕೂತರು, ಉಳಿದವರು ನಿಂತರು.

ಚೆನ್ನರಾಯಪ್ಪ ಬಹಳ ನೊಂದಿದ್ದ. ತಾನು ದಿನಾ ಮೂರು ಚಮಚ ಹಾಕುತ್ತಿದ್ದೆ, ಹುಣ್ಣಿಮೆಗೆ ನಾಲ್ಕು ಎಂದು ಎಲ್ಲರೆದುರು ಒಪ್ಪಿಕೊಂಡ. ಅರ್ಚಕರು ತುಪ್ಪದ ಬಗ್ಗೆ ಹೇಳಿಕೊಂಡರು. ದಿಲ್ಷಾದ್ ಬೇಗಂ ಮಗಳ ಕಡೆ ನೋಡಿ, ಒಂದೇ ಮನೆಯಲ್ಲಿದ್ದು ಒಂದು ಸನ್ನೆಯನ್ನಾದರೂ ಮಾಡಬಾರದಿತ್ತೇ ಎಂದರು. ನೂರುಲ್ಲಾ ಸಾಹೇಬರು ಮಾತ್ರ, ಅದು ಅವಳ ಕಸುಬಿನ ಮರ್ಯಾದೆ ಎಂದು ಮಗಳ ಪರ ನಿಂತರು. ಹೇಳುವಾಗ ಅವರ ಕುತ್ತಿಗೆ ಸ್ವಲ್ಪ ಎತ್ತರವಾಗಿತ್ತು.

ಕ್ಷಮೆ ಕೇಳಿ, ದಯವಿಟ್ಟು ನಿಮ್ಮ ನಿಮ್ಮ ಗಂಟು ತೆಗೆದುಕೊಂಡು ಹೋಗಿ ಎಂದು ವೇಣುಗೋಪಾಲ ಬುಟ್ಟಿಯನ್ನು ಅಂಗಳದ ಮಧ್ಯೆ ಇಟ್ಟ. ಯಾರೂ ಹತ್ತಿರ ಬರಲಿಲ್ಲ. ಪಕ್ಕದಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಕಾಯಿಲೆ ನಿನ್ನ ವಿಚಾರ, ಮುಡುಪು ನಮ್ಮ ವಿಚಾರ, ಎರಡನ್ನೂ ಕಲಸಬೇಡ ಎಂದ ಚೆನ್ನರಾಯಪ್ಪ. ಗುರುವಾರ ಬದಲಾಗಿಲ್ಲ ತಾನೆ ಎಂದು ಹೆಡ್‌ಮಾಸ್ಟರು ಕೇಳಿದರು, ರಜೆಯ ಆದೇಶದಲ್ಲಿ ದಿನಾಂಕವಿತ್ತು. ಬದಲಾಗಿಲ್ಲ ಎಂದರು ಮಾವ.

ಷುಗರ್ ಇರುವವರು ಬರಿಗಾಲಿನಲ್ಲಿ ನಡೆಯಲೇಕೂಡದು ಎಂದು ಮಿಸ್ಬಾ ನಡುವೆ ಮಾತಾಡಿದಳು. ಬೂಟು ಹಾಕಿಕೊಂಡು ಪಾದಯಾತ್ರೆಯನ್ನು ಮಾವ ತಮ್ಮ ಏಳು ಯಾತ್ರೆಗಳಲ್ಲಿ ಕಂಡಿರಲಿಲ್ಲ. ಅವಳು ಗಾಯ, ಕೀವು, ಬೆರಳು ಎಂದು ವಿವರವಾಗಿ ಹೇಳಿದಳು. ಮಾವ ಬಹಳ ಹೊತ್ತು ಕೋಲಿನಿಂದ ನೆಲ ಕೆರೆದು, ಡಾಕ್ಟರು ಬರೆದುಕೊಟ್ಟರೆ ಬೂಟು ಔಷಧಿಯ ಲೆಕ್ಕಕ್ಕೆ ಬರುತ್ತದೆ ಎಂದರು. ಅವಳು ಅಲ್ಲೇ ಚೀಟಿ ಬರೆದುಕೊಟ್ಟಳು: ಬೂಟು, ಒಂದು ಜೊತೆ, ಬೆಳಗ್ಗೆಯಿಂದ ಸಂಜೆಯವರೆಗೆ.

ಮಂಗಮ್ಮ ಸಭೆಯುದ್ದಕ್ಕೂ ಬಾಗಿಲ ಹಿಂದೆ ನಿಂತಿದ್ದಳು. ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ನನ್ನ ಮೆಂತ್ಯದ ಡಬ್ಬಿಯಿಂದ ಮಾತ್ರೆಗಳನ್ನು ತಾನೇ ಎತ್ತಿಕೊಂಡು ಹೋಗಿ ತನ್ನ ಒಡವೆ ಪೆಟ್ಟಿಗೆಯಲ್ಲಿಟ್ಟಳು. ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟಳು. ಆ ನಾಲ್ಕು ದಿನವೂ ನನ್ನ ಬಾಗಿಲ ಬಳಿ ಬಿಸಿ ದೋಸೆಯ ತಟ್ಟೆ ಇಟ್ಟು, ತಟ್ಟೆಯ ಮೇಲೆ ಬೆರಳಿನಿಂದ ಎರಡು ಸಲ ಬಡಿದು ಹೋಗುತ್ತಿದ್ದಳು.

ಮರುದಿನದಿಂದ ಮೇಲೂರು ರಸ್ತೆಯ ಉಪಚಾರ ನಿಲ್ಲಲಿಲ್ಲ, ಪದಾರ್ಥ ಮಾತ್ರ ಬದಲಾಯಿತು. ಆಂಜಿನಮ್ಮ ಮಜ್ಜಿಗೆಗೆ ಕರಿಬೇವು ಹಾಕಿಟ್ಟಳು. ಚೆನ್ನರಾಯಪ್ಪ ಹಾಗಲಕಾಯಿ ರಸ ಹಿಂಡಿಸಿ, ಅದನ್ನೂ ಎರಡೂ ಕೈಯಲ್ಲೇ ಕೊಟ್ಟ. ಇವನು ಅದನ್ನೂ ಬೇಡವೆನ್ನುವಂತಿರಲಿಲ್ಲ. ದಿಲ್ಷಾದ್ ಬೇಗಂ ನೆನೆಸಿದ ಬಾದಾಮಿ ಆರು ಎಣಿಸಿ ಕೊಡುತ್ತಿದ್ದರು, ಮಗಳು ಆರೆಂದಿದ್ದಾಳೆ, ಏಳಿಲ್ಲ ಎಂದು ಬೇಸರಪಡುತ್ತಾ. ಎಲ್ಲರೂ, ಇವತ್ತು ಎಷ್ಟು ಎಂದು ಕೇಳುವರು. ಚೆನ್ನರಾಯಪ್ಪ ಹೋಟೆಲಿನ ಬೋರ್ಡಿನಲ್ಲಿ ಇಡ್ಲಿ ವಡೆಯ ಕೆಳಗೆ ಅದನ್ನೂ ಬರೆದ. ಬಸ್ಸಿಗೆ ಕಾಯುವವರು ಓದಿ, ನೂರ ಎಂಬತ್ತಾಯ್ತಂತೆ, ಪರವಾಗಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಇಡೀ ಊರಿಗೆ ನನ್ನ ತಮ್ಮ ಷುಗರ್ ವೇಣುಗೋಪಾಲ ಆದ. ಮೇಲೂರಿನ ಮುದ್ದಪ್ಪನವರು ಇದನ್ನು ಕೇಳಿ ಒಂದು ದಿನ ಬಂದು, ಅವನ ಕೈ ಕುಲುಕಿ ಹೋದರು.

ಹೊರಡುವ ಹಿಂದಿನ ದಿನ ನೂರ ಐವತ್ತಾರು. ಸೂಜಿ ಬೇಡ, ಮಾತ್ರೆ ಸಾಕು ಎಂದಳು ಮಿಸ್ಬಾ. ಆದರೆ ದಾರಿಯಲ್ಲಿ ದಿನಾ ಬೆಳಗ್ಗೆ ಬೆರಳು ಚುಚ್ಚಿ ಯಂತ್ರದ ಫೋಟೋ ಕಳಿಸಬೇಕು, 'ನಾನೇ ಚುಚ್ಚಿಕೊಳ್ಳಬೇಕಾ' ಎಂದು ಕೇಳಬೇಡಿ, ಹೌದು ಎಂದಳು. ನೂರುಲ್ಲಾ ಸಾಹೇಬರು ತಮ್ಮ ಯೂನಿಟ್ಟಿನ ರೇಷ್ಮೆ ನೂಲಿನ ಒಂದು ಲಡಿಗೆ ಹಳದಿ ಬಣ್ಣ ಹಾಕಿಸಿ ತಂದಿದ್ದರು. ಗಂಟುಗಳು ಚೆದುರಬಾರದೆಂದು ತಾವೇ ಕೂತು, ನಲವತ್ತೊಂದನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಕಟ್ಟಿಕೊಟ್ಟರು. ಎಳೆ ಕಿತ್ತುಹೋದರೆ ನನ್ನ ಕೇಳು ಎಂದರು.

ಗುರುವಾರ ಬೆಳಗ್ಗೆ ಅವನು ಹೊರಟ. ಪಂಚೆ, ಬಿಳಿ ಬೂಟು, ಹೆಗಲಿಗೆ ಗಂಟುಗಳ ಚೀಲ. ಆಂಜಿನಮ್ಮ ಕಟ್ಟೆಯಿಂದ ಇಳಿದು, ಅವಳ ಮಂಡಿಗೆ ಆದಷ್ಟು ದೂರ, ಹತ್ತಿಪ್ಪತ್ತು ಹೆಜ್ಜೆ ಜೊತೆಗೆ ನಡೆದಳು.

ಮೊದಲ ದಿನ ಯಂತ್ರದ ಫೋಟೋ ಬರಲಿಲ್ಲ. ಎರಡನೆಯ ದಿನ ಬಂತು, ಅದರಲ್ಲಿ ಅವನ ಹೆಬ್ಬೆರಳೇ ಹೆಚ್ಚಾಗಿತ್ತು. ಚುಚ್ಚಿದ್ದು ಯಾರೆಂದು ಮಿಸ್ಬಾ ಕೇಳಿದ್ದಕ್ಕೆ, ಛತ್ರದಲ್ಲಿ ಪಕ್ಕದಲ್ಲಿ ಮಲಗಿದ್ದವರು ಎಂದ. ಮೂರನೆಯ ದಿನ ಅವನೇ ಚುಚ್ಚಿಕೊಂಡ. ಮದನಪಲ್ಲಿ ದಾಟಿದ ಮೇಲೆ ಸಂಖ್ಯೆ ನೂರ ಮೂವತ್ತಕ್ಕೆ ಬಂತು. ಚೆನ್ನರಾಯಪ್ಪ ಬೋರ್ಡಿನ ಮೇಲೆ ಅದರ ಕೆಳಗೆ ಎರಡು ಗೆರೆ ಎಳೆದ.

ಐದನೆಯ ದಿನ ಪೀಲೇರಿನ ಆಚೆಯಿಂದ ನನಗೆ ಫೋನು ಮಾಡಿದ. ರಸ್ತೆ ಬದಿಯಲ್ಲಿ ನಡೆದು ಬರುವವರಿಗೆಂದು ಶಾಮಿಯಾನ ಹಾಕಿ ಊಟಕ್ಕಿಡುತ್ತಿದ್ದರಂತೆ. ಇವನು ಸಾಲಿನಲ್ಲಿ ನಿಂತ. ಸರದಿ ಬಂತು. ಬಡಿಸುವವನು ಹಂಡೆಯೊಳಗೆ ಸೌಟು ಮುಳುಗಿಸಿ ಸಕ್ಕರೆ ಪೊಂಗಲನ್ನು ಎತ್ತಿ ಇವನ ಎಲೆಯ ಮೇಲಕ್ಕೆ ತಂದಿದ್ದ. ಹಿಂದೆ ನೂರಾರು ಜನ, ಯಾರೂ ಪರಿಚಯದವರಲ್ಲ, ಸುಮ್ಮನೆ ಹಾಕಿಸಿಕೊಂಡು ತಿಂದರೆ ಯಾರಿಗೂ ತಿಳಿಯುವಂತಿರಲಿಲ್ಲ. ಇವನು ಎಲೆಯನ್ನು ಹಿಂದಕ್ಕೆಳೆದುಕೊಂಡು, ನಮ್ಮ ಮನೆಯಲ್ಲಿ ಎಂದೂ ಆಡಿರದಷ್ಟು ಜೋರಾಗಿ, ಬಂದ ತೆಲುಗಿನಲ್ಲೇ ಹೇಳಿದನಂತೆ.

"ನಾಕು ಷುಗರ್ ಉಂದಯ್ಯಾ."

ತನಗೆ ಷುಗರ್ ಇದೆ ಎಂದು ಅಷ್ಟು ಜೋರಾಗಿ ಹೇಳಿದರೂ ಯಾರೂ ತಿರುಗಿ ನೋಡಲಿಲ್ಲವಂತೆ. ಬಡಿಸುವವನು ತಲೆಯನ್ನೂ ಎತ್ತದೆ, ಸೌಟಿನಿಂದಲೇ ಆಚೆ ಬದಿ ತೋರಿಸಿ, ಷುಗರಿನವರ ಸಾಲು ಅದು ಎಂದ. ಅಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು. ನನ್ನ ತಮ್ಮ ಎಲೆ ಹಿಡಿದುಕೊಂಡು ಆ ಕಡೆ ಹೋದ. ಆ ಸಾಲು ಶಾಮಿಯಾನದಿಂದ ಹೊರಗೆ ಬಂದು, ಹುಣಸೆಮರ ಬಳಸಿ, ರಸ್ತೆಯಲ್ಲಿ ಹಿಂದಕ್ಕೆ ಸಾಗಿತ್ತು. ಅದರ ಕೊನೆ ಸೇರಲು ಅವನು ಬಂದ ದಾರಿಯಲ್ಲೇ ಅರ್ಧ ಫರ್ಲಾಂಗು ವಾಪಸು ನಡೆಯಬೇಕಾಯಿತಂತೆ.